ಬಾಡಿಗೆ ಕಟ್ಟೋಕೆ ಆಗ್ತಿಲ್ಲ ಅನ್ನೋರು ಇದೊಂದು ಓದ್ಕೊಳ್ಳಿ

ಕೆಲ್ಸ ಹೋಯ್ತು, ಎರಡು ತಿಂಗಳ ಬಾಡಿಗೆ ನಿಂತಿದೆ, ಓನರ್ ನಾಳೆನೇ ಖಾಲಿ ಮಾಡಿ ಅಂತಿದಾರೆ ಅನ್ನೋರಿಗೆ ಹೇಳ್ತಿದೀನಿ, ಗಾಬರಿ ಆಗ್ಬೇಡಿ. ಬಾಕಿ ಇದೆ ಅಂತ ಓನರ್ ತಾನೇ ಬೀಗ ಜಡಿಯೋದು, ಸಾಮಾನು ಬೀದಿಗೆ ಹಾಕೋದು ಮಾಡೋ ಹಾಗಿಲ್ಲ, ಬಲವಂತವಾಗಿ ಬಿಡಿಸ್ಬೇಕು ಅಂದ್ರೆ ಕೋರ್ಟಿಗೇ ಹೋಗ್ಬೇಕು. ಹಂಗೂ ಹೊರಗೆ ಹಾಕಿದ್ರೆ 112ಕ್ಕೆ ಫೋನ್ ಮಾಡಿ, ಆಮೇಲೆ ಸ್ಪೆಸಿಫಿಕ್ ರಿಲೀಫ್ ಕಾಯ್ದೆ ಸೆಕ್ಷನ್ 6ರಲ್ಲಿ 6 ತಿಂಗಳೊಳಗೆ ದಾವೆ ಹಾಕಿ ಮನೆ ಸ್ವಾಧೀನ ವಾಪಸ್ ಕೇಳ್ಬಹುದು.

1999ರ ಕರ್ನಾಟಕ ಬಾಡಿಗೆ ಕಾಯ್ದೆನೇ ಕಾಪಾಡುತ್ತೆ ಅಂತ ಸುಮಾರು ಜನ ಅನ್ಕೊಂಡಿದಾರೆ, ಆದ್ರೆ ಬೆಂಗಳೂರಲ್ಲಿ ತಿಂಗಳ ಬಾಡಿಗೆ 3500 ದಾಟಿದ್ರೆ ಅದು ಅನ್ವಯ ಆಗಲ್ಲ (ಈಗ ಆ ರೇಟಿಗೆ ಒಂದು ರೂಮೂ ಸಿಗಲ್ಲ ಬಿಡಿ). ಮಿಕ್ಕೋರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅದ್ರಲ್ಲಿ ತಿಂಗಳ ಬಾಡಿಗೆ ಮನೆಗೆ ಅಗ್ರಿಮೆಂಟಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ ಖಾಲಿ ಮಾಡ್ಸೋಕೆ ಓನರ್ 15 ದಿನದ ನೋಟಿಸ್ ಕೊಡ್ಬೇಕು.

ಹಂಗಂತ ಬಾಕಿ ಮನ್ನಾ ಆಗಲ್ಲ, ಅದು ಸಾಲನೇ. ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂತ ನೀವೇ ತೀರ್ಮಾನ ಮಾಡಿ ಸುಮ್ನೆ ಕೂರ್ಬೇಡಿ, ಓನರ್ ಒಪ್ಪಬೇಕು. ಫೋನಲ್ಲಿ ಮಾತಾಡಿದ್ರೂ ಆಮೇಲೆ ಒಂದು ವಾಟ್ಸಾಪ್ ಹಾಕಿ: "ಅಂಕಲ್, ನೀವು ಹೇಳಿದ ಹಾಗೆ ಈ ತಿಂಗಳದು ಅಡ್ವಾನ್ಸಲ್ಲಿ ಹಿಡ್ಕೊಳ್ಳಿ, ಮುಂದಿನ ತಿಂಗಳು 5ನೇ ತಾರೀಕು ಅರ್ಧ ಹಾಕ್ತೀನಿ." ಅವ್ರು ಓಕೆ ಅಂದ್ರೂ ಸಾಕು, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಸ್ವಲ್ಪಸ್ವಲ್ಪ ಕೊಡೋದನ್ನೂ ಯುಪಿಐನಲ್ಲೇ ಹಾಕಿ, ಕೈಗೆ ಕ್ಯಾಶ್ ಕೊಟ್ರೆ ರಸೀದಿ ಕೇಳಿ.