ಚಾಪ್ ಮಾಡುವಾಗ ಅಂಕ ಬಿಡಿ, ಆಳ ನೋಡಿ

ಟೇಬಲ್ ಟೆನಿಸ್‌ನಲ್ಲಿ ಮೇಜಿನಿಂದ ಹಿಂದೆ ನಿಂತು ಚಾಪ್ ಮಾಡುತ್ತಾ, ಅಂದರೆ ಚೆಂಡಿನ ಅಡಿಯನ್ನು ಬ್ಯಾಟ್‌ನಿಂದ ಸವರಿ ಹಿಂದಿರುಗಿಸುತ್ತಾ, ರಕ್ಷಣಾತ್ಮಕವಾಗಿ ಆಡುವವರು ಇದನ್ನು ಮಾಡಿ ನೋಡಿ: ಎದುರಾಳಿ ಹೊಡೆಯಲು ಶುರುಮಾಡಿದ ಕೂಡಲೇ ‘ಈ ಅಂಕ ಉಳಿಸಿಕೊಳ್ಳಬೇಕು’ ಎಂಬ ಯೋಚನೆ ಬಿಟ್ಟು, ‘ಇನ್ನೊಂದು ಚೆಂಡು, ಮೇಜಿನ ಕೊನೆಯ ಗೇಣಿನೊಳಗೆ’ ಎಂದಷ್ಟೇ ಮನಸ್ಸಿನಲ್ಲಿ ಹೇಳಿಕೊಳ್ಳಿ. ಅಂಕದ ಚಿಂತೆ ಹೊಕ್ಕರೆ ಬೆರಳುಗಳು ಬಿಗಿಯುತ್ತವೆ, ಬ್ಯಾಟ್ ಚೆಂಡಿನ ಅಡಿಯನ್ನು ಸವರುವ ಬದಲು ಅದನ್ನು ತಳ್ಳುತ್ತದೆ, ಚೆಂಡು ನೆಟ್‌ನ ಮೇಲೆ ಎತ್ತರಕ್ಕೆ ತೇಲುತ್ತದೆ. ಎದುರಾಳಿಗೆ ಅದು ಕೈಗಿಟ್ಟ ತುತ್ತು. ಗುರಿ ಜಾಗದ ಮೇಲಿದ್ದರೆ ಕೈ ಸಡಿಲವಾಗಿಯೇ ಉಳಿಯುತ್ತದೆ. ಆಳಕ್ಕೆ ಬಿದ್ದ ಬ್ಯಾಕ್‌ಸ್ಪಿನ್ (ಹಿಮ್ಮುಖವಾಗಿ ತಿರುಗುವ) ಚೆಂಡನ್ನು ಎದುರಾಳಿ ಪ್ರತಿ ಸಲವೂ ಕೆಳಗಿನಿಂದ ಎತ್ತಿಯೇ ಹೊಡೆಯಬೇಕು. ನಾಲ್ಕೈದು ಹೊಡೆತಗಳಲ್ಲಿ ತೊಡೆ ದಣಿಯುತ್ತದೆ, ತಾಳ್ಮೆಯಂತೂ ಅದಕ್ಕೂ ಮೊದಲೇ ಹೋಗುತ್ತದೆ. ಆದರೆ ಎದುರಾಳಿ ನೆಟ್‌ನ ಹತ್ತಿರ ಚೆಂಡು ಇಳಿಸಿದಾಗ ಈ ಮಂತ್ರ ನಡೆಯುವುದಿಲ್ಲ, ಆಗ ಕಾಲು ಮುಂದೆ ಓಡಲೇಬೇಕು. ತಾಳ್ಮೆಯಲ್ಲಿ ನಿಮ್ಮನ್ನೇ ಮೀರಿಸುವವರು ಸಿಕ್ಕರೂ ಅಷ್ಟೇ: ಗೇಮ್ 10 ನಿಮಿಷ ದಾಟಿ, ಇಬ್ಬರ ಅಂಕ ಸೇರಿ 18 ಆಗಿರದಿದ್ದರೆ ಆಟ ಬೇಗ ಮುಗಿಸುವ ಎಕ್ಸ್‌ಪೆಡೈಟ್ ನಿಯಮ ಬರುತ್ತದೆ, ನಿಮ್ಮ ಸರ್ವ್‌ನಲ್ಲಿ ಅವರು 13 ಸಲ ಚೆಂಡು ಹಿಂದಿರುಗಿಸಿದರೆ ಅಂಕ ಅವರದು. ಹಾಗಾಗಿ ತೇಲಿ ಬಂದ ಸುಲಭ ಚೆಂಡನ್ನು ಫೋರ್‌ಹ್ಯಾಂಡ್‌ನಲ್ಲಿ ಬಾರಿಸುವ ಧೈರ್ಯವೂ ಜೊತೆಗಿರಲಿ. ದಕ್ಷಿಣ ಕೊರಿಯಾದ ಜೂ ಸೆ-ಹ್ಯುಕ್ 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ತಲುಪಿದ್ದು ಚಾಪ್ ಜೊತೆಗೆ ಇಂಥ ಹೊಡೆತಗಳನ್ನೂ ಬೆರೆಸಿ.