ದಪ್ಪ ಆಯಿಲೋ ತೆಳು ಆಯಿಲೋ, ಓಡಿಸೋರಿಗೆ ಗೊತ್ತಾಗುತ್ತಾ?

"ಅಣ್ಣಾ, ಹೋದ ಸಲ ದಪ್ಪ ಆಯಿಲ್ ಹಾಕಿದ್ರಲ್ಲ, ಗಾಡಿ ಬೆಣ್ಣೆಯಂಗ ಓಡ್ತೈತಿ." ಬಳ್ಳಾರಿ ಕೌಲ್‌ಬಜಾರಿನ ನನ್ನ ಗ್ಯಾರೇಜಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಇಪ್ಪತ್ತು ವರ್ಷ ನಾನೂ ಹೌದೆಂದೇ ನಂಬಿದ್ದೆ. ಕಳೆದ ಜನವರಿಯಲ್ಲಿ ನನ್ನ ಸ್ಪ್ಲೆಂಡರ್ ಮೇಲೆಯೇ ಪರೀಕ್ಷೆ ಮಾಡಿ ನೋಡಿದೆ.

ಎರಡು ಆಯಿಲ್ ತಂದೆ: ಕಂಪನಿ ಹೇಳುವ ತೆಳು 10ಡಬ್ಲ್ಯು-30, ಇನ್ನೊಂದು ದಪ್ಪ 20ಡಬ್ಲ್ಯು-50. ಎರಡೂ ಬೈಕಿನ ಆಯಿಲಿಗೆ ಕೊಡುವ ಜಾಸೊ ಎಂಎ ದರ್ಜೆಯವು, ಅಂದರೆ ಕ್ಲಚ್ ಜಾರುವ ತಕರಾರಿಲ್ಲ. ಹೊಸದರ ಹುರುಪು ಲೆಕ್ಕ ತಪ್ಪಿಸಬಾರದೆಂದು ಎರಡನ್ನೂ ಮೊದಲೇ ತಲಾ 300 ಕಿಲೋಮೀಟರ್ ಓಡಿಸಿ ಡಬ್ಬಿಗೆ ಇಳಿಸಿಟ್ಟೆ. ಸಂಜೆ ಗಾಡಿ ಬಿಸಿ ಇರುವಾಗಲೇ ಅಂಗಡಿ ಹುಡುಗ ಇದ್ದ ಆಯಿಲ್ ಇಳಿಸಿ, ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ ಒಂದನ್ನು ಅಳೆದು ತುಂಬಿ ಚೀಟಿ ಬರೆದಿಡುತ್ತಿದ್ದ. ನಾನು ಆ ಹೊತ್ತಿಗೆ ಹೊರಗೆ ಚಹಾ ಕುಡಿಯುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಕಿಕ್ ಹೊಡೆದು ಮೊದಲ ಊಹೆ. ಕುಡಿತಿನಿಗೆ ಹೋಗಿ ಬಂದು ಎರಡನೇ ಊಹೆ. ಹೀಗೆ ಹತ್ತು ದಿನ.

ತಣ್ಣಗಿದ್ದಾಗ ಹತ್ತಕ್ಕೆ ಒಂಬತ್ತು ಸರಿ. ದಪ್ಪ ಆಯಿಲಿದ್ದ ದಿನ ಕಿಕ್ಕರ್ ಕಾಲಿಗೆ ಹಿಟ್ಟು ತುಳಿದಂತೆ ಸಿಗುತ್ತಿತ್ತು. ಮೊದಲ ಗೇರ್ ಬೀಳುವಾಗ ಒಂದು ಎಳೆತ, ಕ್ಲಚ್ ಹಿಡಿದಿದ್ದರೂ ಗಾಡಿ ತುಸು ಮುಂದಕ್ಕೆ ಜಗ್ಗುತ್ತಿತ್ತು. ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್ ನೋಡಿ. ಕಾರಿನವರಿಗೆ ಇಷ್ಟೂ ತಿಳಿಯಲಿಕ್ಕಿಲ್ಲ.

ಬಿಸಿಯಾದ ಮೇಲೆ ಹತ್ತಕ್ಕೆ ಐದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಏಳನೇ ದಿನ "ಇದು ಖಂಡಿತ ದಪ್ಪದ್ದೇ" ಎಂದು ಬರೆದಿದ್ದೆ, ಸದ್ದು ಅಷ್ಟು ಮೆತ್ತಗಿತ್ತು. ಚೀಟಿಯಲ್ಲಿ 30 ಇತ್ತು. ಹಿಂದಿನ ಮಧ್ಯಾಹ್ನ ಚೈನ್ ಬಿಗಿ ಮಾಡಿ ಎಣ್ಣೆ ಬಿಟ್ಟಿದ್ದು ಆಮೇಲೆ ನೆನಪಾಯಿತು.

ಕಾರಣ ಅಂಕಿಯಲ್ಲೇ ಇದೆ. 100 ಡಿಗ್ರಿ ಶಾಖದಲ್ಲಿ 30ರ ಆಯಿಲಿನ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, 9.3ರಿಂದ 12.5 ಸೆಂಟಿಸ್ಟೋಕ್ ಒಳಗೆ, 50ರದ್ದು 16.3ರಿಂದ 21.9ರೊಳಗೆ ಇರಬೇಕು. 40 ಡಿಗ್ರಿಯಲ್ಲಿ ಅದೇ ಅಂತರ ಎಷ್ಟೋ ಪಟ್ಟು ದೊಡ್ಡದು. ಸ್ಟೀಲ್ ಲೋಟದಲ್ಲಿ ಎರಡನ್ನೂ ಕುದಿನೀರಿನಲ್ಲಿಟ್ಟು ಸ್ಕ್ರೂಡ್ರೈವರ್ ಅದ್ದಿ ಎತ್ತಿದೆ; ಬೆಳಿಗ್ಗೆ ಒಂದು ಕಾಕಂಬಿಯಂತೆ ಎಳೆಯುತ್ತಿತ್ತು, ಈಗ ಎರಡೂ ತೊಟತೊಟ ಸುರಿದವು. ಹಾಗೆಂದು ಗ್ರೇಡ್ ಯಾವುದಾದರೂ ನಡೆಯುತ್ತದೆ ಅಂತಲ್ಲ. ಎಂಜಿನ್ ಒಳಗಿನ ಬೇರಿಂಗಿಗೆ, ಕ್ಯಾಮಿಗೆ ಆಯಿಲಿನ ಪದರ ಎಷ್ಟು ದಪ್ಪ ಅನ್ನುವುದು ಮುಖ್ಯವೇ. ನಮ್ಮ ಕೈಕಾಲಿಗೆ ಅದು ಮುಟ್ಟುವುದಿಲ್ಲ, ಅಷ್ಟೆ.

ಹಾಗಾದರೆ ಗಿರಾಕಿಗೆ ಅನಿಸಿದ ಬೆಣ್ಣೆ? ಆತ ಮತ್ತೆ ಸರ್ವಿಸಿಗೆ ಬಂದಾಗ ಹಳೇ ಆಯಿಲನ್ನು ಅವನೆದುರೇ ಅಳತೆ ಜಗ್ಗಿಗೆ ಇಳಿಸಿದೆ. 800 ಮಿಲಿ ಇರಬೇಕಾದಲ್ಲಿ 400 ಬಂತು. ಹೋದ ಸಲವೂ ಹೆಚ್ಚುಕಡಿಮೆ ಹೀಗೇ ಇತ್ತು. ಅರ್ಧಕ್ಕಿಳಿದು ಕರ್ರಗಾದ ಆಯಿಲ್ ತೆಗೆದು ಪೂರ್ತಿ ಹೊಸದು ತುಂಬಿದ್ದೇ ಅವನಿಗೆ ಹಿತವಾಗಿತ್ತು. ಈ ಸಲ 10ಡಬ್ಲ್ಯು-30 ಹಾಕಿ, ಹದಿನೈದು ದಿನಕ್ಕೊಮ್ಮೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ನೋಡೆಂದು ಹೇಳಿ ಕಳಿಸಿದೆ. ಮರುದಿನ ಫೋನ್ ಮಾಡಿದ: "ಅಣ್ಣಾ, ಹೋದ ಸಲದಂಗ ಐತಿ."