ಹಾರ್ಟ್‌ವರ್ಮ್ ನಾಯಿಗೆ ನಮ್ಮ ಮನೆಯಲ್ಲಿ ವಿಶ್ರಾಂತಿ

ಅಮೆರಿಕದ ಹ್ಯೂಸ್ಟನ್‌ನಲ್ಲಿ ಚಳಿಗಾಲದಲ್ಲೂ ಸೊಳ್ಳೆ ಇರುತ್ತದೆ. ಹಾಗಾಗಿ ಇಲ್ಲಿನ ಶೆಲ್ಟರ್‌ಗಳಿಗೆ ಬರುವ ಬೀದಿ ನಾಯಿಗಳಲ್ಲಿ ‘ಹಾರ್ಟ್‌ವರ್ಮ್ ಪಾಸಿಟಿವ್’ (ಸೊಳ್ಳೆಯಿಂದ ಬರುವ ಹೃದಯದ ಹುಳ ಇದೆಯೆಂದು ಪರೀಕ್ಷೆಯಲ್ಲಿ ತಿಳಿದವು) ಬೇಕಾದಷ್ಟು. ಹೊರಗೆ ಈ ಹುಳಕ್ಕೆ ಚಿಕಿತ್ಸೆ ಮಾಡಿಸಿದರೆ ಬಿಲ್ಲು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಆ ಖರ್ಚಿಗೆ ಹೆದರಿ ನಾಯಿಯನ್ನು ಕೈಬಿಡುವವರೂ ಇದ್ದಾರೆ. ನಾನು ಫಾಸ್ಟರ್ ಮಾಡುವ (ದತ್ತು ಹೋಗುವವರೆಗೆ ನಾಯಿಯನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವ) ಶೆಲ್ಟರ್‌ನಲ್ಲಿ ಡಾಕ್ಟರು, ಔಷಧಿ ಎಲ್ಲ ಅವರದೇ. ನಾವು ಕೊಡಬೇಕಾದ್ದು ಮನೆ, ಮತ್ತು ನಾಯಿಯನ್ನು ತಿಂಗಳುಗಟ್ಟಲೆ ಸುಮ್ಮನೆ ಕೂರಿಸುವ ತಾಳ್ಮೆ. ಅದೇ ಕಷ್ಟದ ಭಾಗ.

ಸೊಳ್ಳೆ ಕಚ್ಚಿದಾಗ ಒಳಗೆ ಹೋದ ಮರಿಹುಳ ಆರೇಳು ತಿಂಗಳಲ್ಲಿ ಬೆಳೆದು, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಬೀಡು ಬಿಡುತ್ತದೆ. ಹುಳ ಜಾಸ್ತಿಯಾದರೆ ಹೃದಯದೊಳಕ್ಕೂ ಬರುತ್ತದೆ. ಹೆಣ್ಣು ಹುಳ ಹೆಚ್ಚುಕಡಿಮೆ ಒಂದಡಿ ಉದ್ದ. ಅದರ ಪಾಡಿಗೆ ಬಿಟ್ಟರೆ ಐದರಿಂದ ಏಳು ವರ್ಷ ಬದುಕುತ್ತದೆ. ಒಂದು ನಾಯಿಯಿಂದ ಇನ್ನೊಂದಕ್ಕೆ ನೇರವಾಗಿ ಅಂಟುವುದಿಲ್ಲ, ನಡುವೆ ಸೊಳ್ಳೆ ಬೇಕೇ ಬೇಕು. ಮನೆಗೆ ಬಂದ ನೆಂಟರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ!

ನಮ್ಮಲ್ಲಿಗೆ ಬಂದ ಒಂದು ಲ್ಯಾಬ್ ಮಿಕ್ಸ್ ನಾಯಿಗೆ ಕರಿಯ ಅಂತ ಹೆಸರಿಟ್ಟಿದ್ದೆವು. ಅವನಿಗೆ ನಡೆದದ್ದು ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ ಹೇಳುವ ಕ್ರಮ. ಮೊದಲು 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ, ಜೊತೆಗೆ ಮರಿಹುಳ ಸಾಯಿಸುವ ತಿಂಗಳಿಗೊಂದು ಔಷಧಿ. ಹುಳದೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಕೊಂದು ಹುಳವನ್ನು ದುರ್ಬಲ ಮಾಡುತ್ತದೆ. ಆಮೇಲೆ ಒಂದು ತಿಂಗಳು ಬಿಡುವು. ನಂತರ ಬೆಳೆದ ಹುಳ ಸಾಯಿಸುವ ಮೆಲಾರ್ಸೊಮಿನ್ ಇಂಜೆಕ್ಷನ್ ಒಂದು. ಅದಾದ ಒಂದು ತಿಂಗಳಿಗೆ, ಬೆನ್ನುಬೆನ್ನಿಗೆ ಎರಡು ದಿನ ಇನ್ನೆರಡು. ಎಲ್ಲ ಹುಳ ಒಟ್ಟಿಗೆ ಸತ್ತರೆ ಅಪಾಯ, ಅದಕ್ಕೇ ಹೀಗೆ ಬಿಡಿಬಿಡಿಯಾಗಿ ಕೊಡುತ್ತಾರೆ.

ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಕೊಟ್ಟರೆ ನಾಯಿ ವಾಂತಿ ಮಾಡಿಕೊಳ್ಳಬಹುದು. ನಮ್ಮವರಿಗೆ ನಾಯಿಗೂ ಮೊಸರನ್ನ ಹಾಕುವ ಅಭ್ಯಾಸ, ಅಲ್ವಾ? ಈ ಮಾತ್ರೆಯ ಜೊತೆ ಅದು ಬೇಡ. ಹಾಲು ಮೊಸರಿನ ಕ್ಯಾಲ್ಸಿಯಂನಿಂದ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾನು ಉಪ್ಪು ಹಾಕದೆ ಬೇಯಿಸಿದ ಕೋಳಿ, ಅನ್ನದ ಉಂಡೆಯೊಳಗೆ ಇಟ್ಟು ಕೊಡುತ್ತಿದ್ದೆ. ಮಾತ್ರೆ ಗಂಟಲಲ್ಲಿ ನಿಲ್ಲಬಾರದೆಂದು ಮೇಲಿಂದ ಇನ್ನೊಂದು ತುತ್ತು.

ಇಂಜೆಕ್ಷನ್ ಕೊಡುವುದು ಸೊಂಟದ ಮೇಲಿನ ಬೆನ್ನಿನ ಸ್ನಾಯುವಿಗೆ. ಕೆಲವು ದಿನ ಅಲ್ಲಿ ಊದಿಕೊಂಡು ನೋಯುತ್ತದೆ. ಮಕ್ಕಳಿಗೆ ಮೊದಲೇ ಹೇಳಿಟ್ಟಿದ್ದೆ: ಬೆನ್ನು ಸವರಬೇಡಿ, ತಲೆ ಸವರಿ. ಸಾಯುವ ಹುಳದಿಂದ ಶ್ವಾಸಕೋಶದಲ್ಲಿ ಆಗುವ ಉರಿಯೂತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಪ್ರೆಡ್ನಿಸೋನ್‌ನಿಂದ ವಿಪರೀತ ಬಾಯಾರಿಕೆ, ಹಸಿವು. ನಡುರಾತ್ರಿ ಎದ್ದು ಉಚ್ಚೆಗೆ ಕರೆದೊಯ್ಯಲು ಸಿದ್ಧರಾಗಿರಿ. ಆ ದಿನಗಳಲ್ಲಿ ಗಲೀಜು ಮಾಡಿಬಿಟ್ಟರೆ ನಾಯಿಯನ್ನು ಬಯ್ಯುವುದು ಅನ್ಯಾಯ.

ನಿಜವಾದ ಭಯ ಸತ್ತ ಹುಳದ್ದು. ಅದರ ತುಂಡುಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಂಡು, ಮೆಲ್ಲಗೆ ಕರಗಬೇಕು. ನಾಯಿ ಓಡಿದರೆ ರಕ್ತದ ರಭಸ ಹೆಚ್ಚಿ, ಶ್ವಾಸಕೋಶಕ್ಕೆ ಪೆಟ್ಟು ಬೀಳುತ್ತದೆ. ಇಂಜೆಕ್ಷನ್ ಆದ ಒಂದು ವಾರದಿಂದ ಹತ್ತು ದಿನದ ಹೊತ್ತಿಗೆ ಈ ಅಪಾಯ ಜೋರು. ಕೆಮ್ಮು, ಜ್ವರ, ಏದುಸಿರು, ಕೆಮ್ಮಿನಲ್ಲಿ ರಕ್ತ, ಊಟ ಬೇಡವೆನ್ನುವುದು, ಇದರಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನದೆ ಶೆಲ್ಟರ್‌ನ ತುರ್ತು ನಂಬರಿಗೆ ಫೋನ್ ಮಾಡಿ.

ತಮಾಷೆಯೆಂದರೆ ನಾಯಿಗೆ ತನಗೆ ಕಾಯಿಲೆಯಿದೆ ಎಂದೇ ಗೊತ್ತಿರುವುದಿಲ್ಲ. ಕರಿಯನಿಗೆ ಕಿಟಕಿಯಾಚೆ ಅಳಿಲು ಕಂಡರೆ ಸಾಕು, ಎಗರಾಟ. ಕೆಳಗಿನ ಅರ್ಧ ಗಾಜಿಗೆ ಮಬ್ಬು ಹಾಳೆ ಅಂಟಿಸಿದೆವು. ಡೋರ್‌ಬೆಲ್ ಬಂದ್ ಮಾಡಿದೆವು. ಕ್ರೇಟನ್ನು (ನಾಯಿ ಮಲಗುವ ಬೋನು) ಕೋಣೆಯ ಮೂಲೆಯಲ್ಲಿಡದೆ ಅಡುಗೆಮನೆ ಕಾಣುವಂತೆ ಇಟ್ಟೆವು. ಒಂಟಿಯಾದರೆ ಕೂಗುತ್ತಾನೆ, ನಾವು ಕಾಣುತ್ತಿದ್ದರೆ ಮಲಗುತ್ತಾನೆ. ಹೊರಗೆ ಹೋಗುವುದು ಗಿಡ್ಡ ಹಗ್ಗದಲ್ಲಿ, ಕೆಲಸ ಮುಗಿಸಿ ವಾಪಸ್. ಹಿತ್ತಿಲಿಗೆ ಬೇಲಿ ಇದ್ದರೂ ಹಗ್ಗ ಬಿಚ್ಚುತ್ತಿರಲಿಲ್ಲ.

ಮೈಗೆ ಕೆಲಸವಿಲ್ಲದಿದ್ದರೆ ಮೂಗಿಗೆ ಕೊಡಬೇಕು. ಬಟ್ಟಲಲ್ಲಿ ಊಟ ಹಾಕುವುದನ್ನೇ ನಿಲ್ಲಿಸಿದೆ. ಒಣ ನಾಯಿ ಆಹಾರದ ಕಾಳನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ ಕೊಟ್ಟರೆ, ಮೂಸಿ ಮೂಸಿ ಬಿಡಿಸಿ ತಿಂದು ಸುಸ್ತಾಗಿ ಬೀಳುತ್ತಿದ್ದ. ಬೇಯಿಸಿದ ಸಿಹಿಗುಂಬಳವನ್ನು ಕಾಂಗ್ ಎಂಬ ಟೊಳ್ಳು ರಬ್ಬರ್ ಆಟಿಕೆಯಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ನನ್ನ ಒಂದು ಆಫೀಸ್ ಮೀಟಿಂಗ್ ಮುಗಿಯುವವರೆಗೂ ನೆಕ್ಕುತ್ತಿದ್ದ. ಇಷ್ಟಕ್ಕೂ ತಣ್ಣಗಾಗದ ನಾಯಿಗೆ ಡಾಕ್ಟರು ಟ್ರಾಜೊಡೋನ್ ಎಂಬ ಶಾಂತಗೊಳಿಸುವ ಮಾತ್ರೆ ಬರೆದುಕೊಡುತ್ತಾರೆ. ನಾಯಿಗೆ ಮಂಪರು ಬರಿಸುವುದು ಪಾಪ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ರೇಟಿನೊಳಗೆ ಇಡೀ ದಿನ ಒದ್ದಾಡುವುದೇ ಹೆಚ್ಚು ಪಾಪ.

ಇಂಜೆಕ್ಷನ್ ತಾರೀಕು ಗೊತ್ತುಮಾಡುವಾಗ ಕ್ಯಾಲೆಂಡರ್ ನೋಡಿಕೊಳ್ಳಿ. ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ಪಟಾಕಿ, ದೀಪಾವಳಿಗೆ ಮನೆ ತುಂಬುವ ಜನ, ಇವೆರಡೂ ಆ ಮೊದಲ ವಾರಗಳಲ್ಲಿ ಬೀಳದಿರಲಿ.

ಕೊನೆಯ ಇಂಜೆಕ್ಷನ್ ನಂತರವೂ ಆರರಿಂದ ಎಂಟು ವಾರ ಇದೇ ಶಿಸ್ತು. ಎಷ್ಟೋ ನಾಯಿಗಳು ಅಷ್ಟರಲ್ಲೇ ಹೊಸ ಮನೆ ಸೇರಿಕೊಳ್ಳುತ್ತವೆ. ದತ್ತು ತೆಗೆದುಕೊಳ್ಳುವವರಿಗೆ ಒಂದು ಹಾಳೆ ಬರೆದುಕೊಡುತ್ತೇನೆ: ಯಾವ ದಿನದವರೆಗೆ ಓಡಿಸಬಾರದು, ತಿಂಗಳ ಔಷಧಿ ಯಾವ ತಾರೀಕಿಗೆ, ರಕ್ತಪರೀಕ್ಷೆ ಯಾವಾಗ. ಹುಳ ಸತ್ತ ಮೇಲೂ ಪರೀಕ್ಷೆ ಕೆಲವು ತಿಂಗಳು ಪಾಸಿಟಿವ್ ತೋರಿಸಬಹುದು. ಅದಕ್ಕೆ ಆ ಪರೀಕ್ಷೆ ಕೊನೆಯ ಇಂಜೆಕ್ಷನ್ ಆಗಿ ಒಂಬತ್ತು ತಿಂಗಳಿಗೆ. ಹೊಸ ಸೊಳ್ಳೆ ಹೊಸ ಹುಳ ತರಬಲ್ಲದು, ಹಾಗಾಗಿ ತಿಂಗಳ ಔಷಧಿ ಮಾತ್ರ ಜೀವಮಾನ ಪೂರ್ತಿ.